ಕೈ ಮೊದಲು, ಅಕ್ಷರ ಆಮೇಲೆ: ಮಾಂಟೆಸ್ಸರಿ ಪದ್ಧತಿ ನಡೆದುಬಂದ ದಾರಿ

1907ರ ಜನವರಿ 6ರಂದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡ ಕಾರ್ಮಿಕರ ಬಡಾವಣೆಯಲ್ಲಿ ಡಾ. ಮರಿಯಾ ಮಾಂಟೆಸ್ಸರಿ ಅವರ ಮೊದಲ ಶಿಶುಗೃಹ ಆರಂಭವಾಯಿತು. ತಂದೆತಾಯಿ ಕೂಲಿಗೆ ಹೋದ ಮೇಲೆ ಮಕ್ಕಳು ವಠಾರದ ಗೋಡೆಗಳನ್ನು ಕೆಡಿಸದಂತೆ ಒಂದೆಡೆ ಕೂಡಿಸಿ ನೋಡಿಕೊಂಡರೆ ಸಾಕೆಂಬುದು ಕಟ್ಟಡದವರ ಅಪೇಕ್ಷೆಯಾಗಿತ್ತು. ಆದರೆ 1896ರಲ್ಲಿ ವೈದ್ಯಕೀಯ ಪದವಿ ಪಡೆದು, ಬುದ್ಧಿಮಾಂದ್ಯರೆಂಬ ಹಣೆಪಟ್ಟಿ ಹೊತ್ತ ಮಕ್ಕಳ ನಡುವೆ ಕೆಲಸ ಮಾಡಿ ಬಂದಿದ್ದ ಮಾಂಟೆಸ್ಸರಿ, ಅಂಥ ಮಕ್ಕಳ ಇಂದ್ರಿಯಗಳನ್ನು ಪಳಗಿಸಲು ಇಟಾರ್ ಮತ್ತು ಸೆಗ್ಯಾಂ ಎಂಬ ಫ್ರೆಂಚ್ ವೈದ್ಯರು ಹಾಕಿಕೊಟ್ಟಿದ್ದ ದಾರಿಯನ್ನು ಮುಂದುವರಿಸಿ, ತಾವೇ ತಿದ್ದಿ ರೂಪಿಸಿದ ಸಲಕರಣೆಗಳನ್ನು ಈ ಮಕ್ಕಳ ಕೈಗೆ ಕೊಟ್ಟು ನೋಡಿದರು.

ಅವುಗಳಲ್ಲಿ ಒಂದನ್ನು ಹತ್ತಿರದಿಂದ ನೋಡಿದರೆ ಪದ್ಧತಿಯ ತಿರುಳು ತಿಳಿಯುತ್ತದೆ. ಒಂದು ಉದ್ದನೆಯ ಮರದ ತುಂಡಿನಲ್ಲಿ 10 ಕುಳಿಗಳಿದ್ದು, ಒಂದೊಂದರಲ್ಲೂ ಅದಕ್ಕೆ ಮಾತ್ರ ಸರಿಹೊಂದುವ ಸಿಲಿಂಡರ್ ಕೂತಿರುತ್ತದೆ. ಪ್ರತಿಯೊಂದರ ತಲೆಯ ಮೇಲೊಂದು ಪುಟ್ಟ ಗುಬುಟು. ಮಗು ಅದನ್ನು ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಂದ ಹಿಡಿದು ಎತ್ತುತ್ತದೆ; ಮುಂದೆ ಪೆನ್ಸಿಲ್ ಹಿಡಿಯಬೇಕಾದ ಬೆರಳುಗಳೂ ಇವೇ. ಎಲ್ಲವನ್ನೂ ಹೊರಗೆ ತೆಗೆದು, ಬೆರೆಸಿ, ಮತ್ತೆ ಕೂರಿಸುವಾಗ ತೆಳ್ಳಗಿನದು ಅಗಲ ಕುಳಿಗೆ ಬಿದ್ದರೆ ಕೊನೆಗೆ ದಪ್ಪನೆಯದೊಂದು ಜಾಗವಿಲ್ಲದೆ ಉಳಿದುಬಿಡುತ್ತದೆ. ‘ತಪ್ಪು’ ಎಂದು ಯಾರೂ ಹೇಳಬೇಕಾಗಿಲ್ಲ. ಮೂರು ವರ್ಷದ ಆಸುಪಾಸಿನ ಹುಡುಗಿಯೊಬ್ಬಳು ಇದನ್ನೇ 40ಕ್ಕೂ ಹೆಚ್ಚು ಸಲ ಮಾಡಿದ್ದನ್ನು ಮಾಂಟೆಸ್ಸರಿ ಬರೆದಿಟ್ಟಿದ್ದಾರೆ. ಉಳಿದ ಮಕ್ಕಳಿಂದ ಹಾಡಿಸಿದರೂ, ಕೂತ ಕುರ್ಚಿಯ ಸಮೇತ ಅವಳನ್ನು ಎತ್ತಿ ಮೇಜಿನ ಮೇಲಿಟ್ಟರೂ, ಅವಳು ಸಲಕರಣೆಯನ್ನು ತೊಡೆಯ ಮೇಲಿರಿಸಿಕೊಂಡು ಕೆಲಸ ಮುಂದುವರಿಸಿದಳಂತೆ. ಎಳೆಯ ಮಕ್ಕಳ ಮನಸ್ಸು ಒಂದೆಡೆ ನಿಲ್ಲುವುದಿಲ್ಲವೆಂಬ ನಂಬಿಕೆಯನ್ನು ಇಂಥ ನೋಟಗಳೇ ಅಲುಗಿಸಿದವು.

ಮತ್ತೊಂದು ದಿನ ಶಿಕ್ಷಕಿ ಕಪಾಟಿಗೆ ಬೀಗ ಹಾಕಲು ಮರೆತಿದ್ದರು. ಮಕ್ಕಳು ತಾವೇ ಬೇಕಾದುದನ್ನು ಆರಿಸಿಕೊಂಡು ಕೆಲಸಕ್ಕೆ ತೊಡಗಿದ್ದರು. ಬೀಗದ ಕಪಾಟು ಹೋಗಿ ಮಕ್ಕಳ ಕೈಗೆಟಕುವ ತಗ್ಗಿನ ಕಪಾಟು ಬಂದದ್ದು ಆ ಬಳಿಕ.

ಅಕ್ಷರವೂ ಕೈಯ ಮೂಲಕವೇ ಬರುತ್ತದೆ. ಸ್ಯಾಂಡ್‌ಪೇಪರಿನಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರದ ಮೇಲೆ ಮಗು ಬೆರಳಾಡಿಸುತ್ತಾ ಅದರ ಧ್ವನಿಯನ್ನು ಉಚ್ಚರಿಸುತ್ತದೆ. ನಮ್ಮ ಹಳೆಯ ಕಾಲದ ಊರ ಶಾಲೆಗಳಾದ ಕೂಲಿಮಠಗಳಲ್ಲಿಯೂ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಆದರೆ ಅಲ್ಲಿ ಅಯ್ಯನವರು ಹೇಳಿದ್ದನ್ನು ಹೇಳಿದಾಗ ತಿದ್ದಬೇಕಿತ್ತು, ಇಲ್ಲಿ ಯಾವಾಗ ಎಷ್ಟು ಸಲ ಎಂಬುದು ಮಗುವಿಗೆ ಬಿಟ್ಟದ್ದು. ಎಣಿಕೆಯಲ್ಲೂ ಹಾಗೆಯೇ: ಒಂದು ಮಣಿ, ಹತ್ತು ಮಣಿಗಳ ಸರಳು, ನೂರರ ಚೌಕ, ಸಾವಿರದ ಘನ, ಇವನ್ನು ಕೈಯಲ್ಲಿ ತೂಗಿ ನೋಡಿದ ಮಗುವಿಗೆ ಸ್ಥಾನಬೆಲೆ ಬಾಯಿಪಾಠದ ವಿಷಯವಾಗಿ ಉಳಿಯುವುದಿಲ್ಲ.

ಭಾರತಕ್ಕೆ ಈ ವಿಚಾರ ಮಾಂಟೆಸ್ಸರಿ ಅವರಿಗಿಂತ ಮೊದಲೇ ಬಂದಿತ್ತು. ಶಿಕ್ಷಣತಜ್ಞ ಗಿಜುಭಾಯಿ ಬಧೇಕಾ 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ತೆರೆದಿದ್ದರು. ಥಿಯಾಸಾಫಿಕಲ್ ಸೊಸೈಟಿಯ ಆಹ್ವಾನದ ಮೇಲೆ 1939ರಲ್ಲಿ ಮದರಾಸಿನ ಅಡಯಾರಿಗೆ ಬಂದ ಮಾಂಟೆಸ್ಸರಿ, ಮರುವರ್ಷ ಇಟಲಿ ಯುದ್ಧಕ್ಕಿಳಿದು ಶತ್ರುದೇಶದ ಪ್ರಜೆಯೆನಿಸಿ, ಯುದ್ಧ ಮುಗಿಯುವವರೆಗೆ ಇಲ್ಲಿಯೇ ಉಳಿಯಬೇಕಾಯಿತು. ಮಗ ಮಾರಿಯೊ ಕೆಲಕಾಲ ಬಂಧನದಲ್ಲಿದ್ದರು. ತಾಯಿ ಮಗ ಸೇರಿ ಅಡಯಾರ್, ಕೊಡೈಕನಾಲ್ ಮೊದಲಾದೆಡೆ ನಡೆಸಿದ ತರಬೇತಿಗಳಿಂದ ದೇಶದುದ್ದಗಲಕ್ಕೂ ಶಿಕ್ಷಕರು ಸಿದ್ಧರಾದರು.

ಆದರೆ ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯವಾದ ತಿರುವು ತಾರಾಬಾಯಿ ಮೋಡಕ್ ಅವರದು. ಗಿಜುಭಾಯಿ ಅವರ ಸಹೋದ್ಯೋಗಿಯಾಗಿದ್ದ ಅವರು 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಎಂಬ ಹಳ್ಳಿಗೆ ಹೋಗಿ, ಅನುತಾಯಿ ವಾಘ್ ಅವರ ಜೊತೆಗೂಡಿ, ದುಬಾರಿ ಸಲಕರಣೆಗಳ ಬದಲು ಊರಲ್ಲೇ ಸಿಗುವ ಕಲ್ಲು, ಚಿಪ್ಪು, ಎಲೆಗಳನ್ನು ಬಳಸಿ, ಮಕ್ಕಳ ಮನೆಯಂಗಳಕ್ಕೇ ಶಾಲೆಯನ್ನು ಒಯ್ದರು. ಅಂಗನವಾಡಿಯ ಕಲ್ಪನೆ ಮೂಡಿದ್ದು ಅಲ್ಲಿ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ.

ಇತ್ತ ನಗರಗಳಲ್ಲಿ ‘ಮಾಂಟೆಸ್ಸರಿ’ ಎಂಬ ಹೆಸರು ಯಾರ ಸ್ವತ್ತೂ ಆಗಿ ಉಳಿಯಲಿಲ್ಲ. ತರಬೇತಿ ಪಡೆದ ಶಿಕ್ಷಕಿಯರು ನಿಷ್ಠೆಯಿಂದ ನಡೆಸುವ ಶಾಲೆಗಳಿರುವಂತೆಯೇ, ಬೋರ್ಡಿನಲ್ಲಿ ಆ ಹೆಸರು ಬರೆಸಿ ಮೂರು ವರ್ಷದ ಮಗುವಿನಿಂದ ಪುಟಗಟ್ಟಲೆ ಕಾಪಿ ಬರೆಸುವ ಶಾಲೆಗಳೂ ಇವೆ. ಬೆರಳಿನ ಸ್ನಾಯು ಬಲಿಯುವ ಮೊದಲೇ ಗೆರೆಯೊಳಗೆ ಬರೆಯಬೇಕೆಂದು ಮಗುವನ್ನು ಅಳಿಸುವುದಕ್ಕೂ ಸ್ಯಾನ್ ಲೊರೆಂಜೊದಲ್ಲಿ ಆರಂಭವಾದ ಕೆಲಸಕ್ಕೂ ಸಂಬಂಧವಿಲ್ಲ.

2024ರಲ್ಲಿ ಕರ್ನಾಟಕ ಸರ್ಕಾರ ಬೆಂಗಳೂರಿನ ಕೆಲವು ಅಂಗನವಾಡಿಗಳನ್ನು ಮೇಲ್ದರ್ಜೆಗೇರಿಸಿ ‘ಸರ್ಕಾರಿ ಮಾಂಟೆಸ್ಸರಿ’ ಎಂದು ಕರೆಯಿತು. ಬಡವರ ಮಕ್ಕಳಿಗಾಗಿ ಹುಟ್ಟಿದ ಪದ್ಧತಿ ಬಡವರ ಮಕ್ಕಳ ಬಳಿಗೆ ಬರುವುದು ಸ್ವಾಗತಾರ್ಹ. ಆದರೆ ಈ ಪದ್ಧತಿಗೆ ಸಲಕರಣೆಗಳಿಗಿಂತ ಹೆಚ್ಚಾಗಿ ಬೇಕಾದದ್ದು ಬೆಳಗಿನ ಎರಡು ಮೂರು ಗಂಟೆಗಳ ಅಡೆತಡೆಯಿಲ್ಲದ ಸಮಯ ಮತ್ತು ಪ್ರತಿ ಮಗುವನ್ನೂ ಗಮನಿಸುತ್ತ ಕೂರಬಲ್ಲ ಒಬ್ಬ ವ್ಯಕ್ತಿ. ಪೌಷ್ಟಿಕ ಆಹಾರ, ತೂಕದ ದಾಖಲೆ, ಮನೆಭೇಟಿ, ಸಮೀಕ್ಷೆ ಎಲ್ಲವನ್ನೂ ಹೊತ್ತಿರುವ ಅಂಗನವಾಡಿ ಕಾರ್ಯಕರ್ತೆಗೆ ಆ ಸಮಯವನ್ನು ಬಿಡಿಸಿಕೊಡಬೇಕಾದದ್ದು ಸರ್ಕಾರವೇ.