ಕರಡಿಗೆಂದು ಯಾರೂ ಮಾಡದ ಪಿಸ್ತೂಲು

2010ರ ಮೇ ಕೊನೆ. ಅಲಾಸ್ಕಾದ ಡೆನಾಲಿ ರಾಷ್ಟ್ರೀಯ ಉದ್ಯಾನದಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಬೆನ್ನಿಗೆ ಚೀಲ ಹಾಕಿಕೊಂಡು ನಡೆಯುತ್ತಿದ್ದರು. ಪಕ್ಕದ ಪೊದೆಯಲ್ಲಿ ಏನೋ ಸದ್ದಾಯಿತು. ಗಂಡಸು .45 ಪಿಸ್ತೂಲು (ಅಂದರೆ ಗುಂಡಿನ ದಪ್ಪ 0.45 ಇಂಚು) ತೆಗೆದು ಕೈಯಲ್ಲಿ ಹಿಡಿದ. ಅಷ್ಟರಲ್ಲಿ ಗ್ರಿಜ್ಲಿ ಕರಡಿಯೊಂದು ಪೊದೆಯಿಂದ ಹೊರಬಿದ್ದು ಹೆಂಗಸಿನ ಕಡೆ ನುಗ್ಗಿತು. ಅವನು ಸುಮಾರು ಒಂಬತ್ತು ಗುಂಡು ಹಾರಿಸಿದ. ಕರಡಿ ನಿಂತಿತು, ತಿರುಗಿತು, ಮತ್ತೆ ಪೊದೆಯೊಳಗೆ ನಡೆದುಹೋಯಿತು. ಅದು ಸತ್ತಿತೋ, ಬರೀ ಗಾಯವಾಗಿತ್ತೋ ಯಾರಿಗೂ ಗೊತ್ತಾಗಲಿಲ್ಲ. ರೇಂಜರ್‌ಗಳು ಆ ಭಾಗಕ್ಕೆ ಜನ ಹೋಗದಂತೆ ಮಾಡಿದರು. ಆಮೇಲೆ ಹುಡುಕಿದಾಗ, ಗುಂಡು ಹಾರಿಸಿದ ಜಾಗದಿಂದ 100 ಅಡಿ ದೂರದಲ್ಲಿ ಅದರ ಹೆಣ ಸಿಕ್ಕಿತು.

ಒಂಬತ್ತು ಗುಂಡು. ಆ ಕಾಡುಗಳಲ್ಲಿ ಅಪ್ಪ-ತಾತಂದಿರು ಸೊಂಟಕ್ಕೆ ಕಟ್ಟಿಕೊಂಡು ತಿರುಗುತ್ತಿದ್ದ ರಿವಾಲ್ವರ್‌ನಲ್ಲಿ ಹಿಡಿಸುತ್ತಿದ್ದದ್ದು ಆರು. ಇನ್ನೊಂದು ಮಾತು: ಅದೇ ಜಾಗದಲ್ಲಿ ನಾಲ್ಕು ತಿಂಗಳ ಹಿಂದೆ ಹಾಗೆ ಗುಂಡು ತುಂಬಿದ ಪಿಸ್ತೂಲು ಇಟ್ಟುಕೊಂಡು ನಡೆಯುವುದೇ ಅಪರಾಧವಾಗಿತ್ತು. ಈ ಎರಡು ಬದಲಾವಣೆಗಳ ಹಿಂದೆ ಇರುವ ಕಥೆ ವಿಚಿತ್ರವಾಗಿದೆ. ಅದರಲ್ಲಿ ಕರಡಿ ಬರುವುದೇ ತಡವಾಗಿ.

ಮೊದಲು ಹಳೆಯದನ್ನು ಬೇಗ ಮುಗಿಸೋಣ. 1805ರ ಮೇ ತಿಂಗಳಲ್ಲಿ, ಅಮೆರಿಕದ ಪಶ್ಚಿಮ ತೀರಕ್ಕೆ ದಾರಿ ಹುಡುಕಿ ಹೊರಟಿದ್ದ ಲೂಯಿಸ್ ಮತ್ತು ಕ್ಲಾರ್ಕ್ ತಂಡ ಮಿಸೌರಿ ನದಿಯ ದಂಡೆಯಲ್ಲಿ ಒಂದು ಗ್ರಿಜ್ಲಿಯನ್ನು ಹೊಡೆಯಿತು. ಹತ್ತು ಗುಂಡು ಬಿದ್ದವು, ಅದರಲ್ಲಿ ಐದು ಶ್ವಾಸಕೋಶಕ್ಕೆ. ಆದರೂ ಅದು ನದಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಈಜಿ, ಮರಳು ದಿಬ್ಬ ಹತ್ತಿ, ಇಪ್ಪತ್ತು ನಿಮಿಷ ಬದುಕಿತ್ತು. ಒಂದೊಂದು ಗುಂಡಿಗೂ ಮದ್ದು ತುಂಬಿ ಕೋಲಿನಿಂದ ಜಡಿಯಬೇಕಿದ್ದ ಕಾಲ ಅದು. ಆಮೇಲೆ ಬಂದೂಕು ಸುಧಾರಿಸಿತು, ಕರಡಿ ಕಮ್ಮಿಯಾಯಿತು. 1975ರಲ್ಲಿ ಗ್ರಿಜ್ಲಿಯನ್ನು ಅಳಿವಿನ ಅಪಾಯದ ಪಟ್ಟಿಗೆ ಸೇರಿಸುವ ಹೊತ್ತಿಗೆ, ಅಲಾಸ್ಕಾ ಬಿಟ್ಟರೆ ಇಡೀ ಅಮೆರಿಕದಲ್ಲಿ ಉಳಿದಿದ್ದದ್ದು ಸಾವಿರಕ್ಕೂ ಕಡಿಮೆ.

ಅಂದರೆ ಸಮಸ್ಯೆ ಹೆಚ್ಚುಕಮ್ಮಿ ಮುಗಿದೇ ಹೋಗಿತ್ತು. ಅದು ಮತ್ತೆ ಹುಟ್ಟಿದ್ದು ಎರಡು ಕಾರಣಕ್ಕೆ: ರಕ್ಷಣೆ ಸಿಕ್ಕಿದ ಮೇಲೆ ಕರಡಿ ವಾಪಸ್ ಬಂತು, ಮತ್ತು ಬೆನ್ನಿಗೆ ಚೀಲ ಹಾಕಿ ಕಾಡಿನಲ್ಲಿ ಮಲಗುವ ಹವ್ಯಾಸ ಊರಿಗೆಲ್ಲ ಹಬ್ಬಿತು. ಇದರ ಸುಳಿವು ಮೊದಲೇ ಸಿಕ್ಕಿತ್ತು. 1967ರ ಆಗಸ್ಟ್‌ನ ಒಂದೇ ರಾತ್ರಿ, ಮೊಂಟಾನಾದ ಗ್ಲೇಸಿಯರ್ ಉದ್ಯಾನದ ಎರಡು ಬೇರೆ ಬೇರೆ ಜಾಗಗಳಲ್ಲಿ, ಎರಡು ಬೇರೆ ಬೇರೆ ಕರಡಿಗಳು ಹತ್ತೊಂಬತ್ತು ವರ್ಷದ ಇಬ್ಬರು ಹುಡುಗಿಯರನ್ನು ಕೊಂದವು. ಅಲ್ಲಿವರೆಗೆ ಕಸದ ಗುಂಡಿಗೆ ಬರುವ ಕರಡಿ ಅಂದರೆ ಪ್ರವಾಸಿಗರಿಗೆ ತಮಾಷೆ.

ಆಗ ಕಾಡಿಗೆ ಹೋಗುವವರಿಗೆ ಗೊತ್ತಿದ್ದ ಉತ್ತರ ಒಂದೇ, .44 ಮ್ಯಾಗ್ನಮ್ ರಿವಾಲ್ವರ್. ಐಡಾಹೋದ ರ‍್ಯಾಂಚು ನಡೆಸುತ್ತಿದ್ದ, ಗನ್ನುಗಳ ಬಗ್ಗೆ ಬರೆಯುತ್ತಿದ್ದ ಎಲ್ಮರ್ ಕೀತ್ ವರ್ಷಗಟ್ಟಲೆ ಬೆನ್ನು ಹತ್ತಿದ್ದರಿಂದ 1955ರ ಕೊನೆಗೆ ಸ್ಮಿತ್ ಅಂಡ್ ವೆಸ್ಸನ್ ಅದನ್ನು ಹೊರತಂದಿತ್ತು. ಅಲ್ಲಿಂದ ಮುಂದೆ ಐವತ್ತು ವರ್ಷ ನಡೆದದ್ದು ಒಂದೇ ವಾದ: ಗುಂಡು ಇನ್ನೂ ಎಷ್ಟು ದಪ್ಪ ಇರಬೇಕು? 2003ರಲ್ಲಿ .500 ಮ್ಯಾಗ್ನಮ್ ಬಂದಾಗ ಅದು ತುದಿ ಮುಟ್ಟಿತು. ಅದರ ಉದ್ದ ನಳಿಗೆಯ ರಿವಾಲ್ವರ್ ಎರಡು ಕೆಜಿ ತೂಗುತ್ತದೆ. ಎರಡು ಕೆಜಿ ಅಂದರೆ ಒಂದು ಟೆಂಟಿನ ಭಾರ! ಮೊದಲ ಗುಂಡು ಹಾರಿದ ಮೇಲೆ ಅದರ ಒದೆತಕ್ಕೆ ಕೈ ಮೇಲೆ ಹೋಗಿ, ಮತ್ತೆ ಕೆಳಗಿಳಿದು ಗುರಿ ಹಿಡಿಯುವುದರಲ್ಲಿ ಸಮಯ ಹೋಗುತ್ತದೆ. ಗ್ರಿಜ್ಲಿ ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. 30 ಮೀಟರ್ ದೂರದಲ್ಲಿ ಕಂಡರೆ ನಿಮ್ಮ ಹತ್ತಿರ ಇರುವುದು ಎರಡು ಸೆಕೆಂಡ್.

ಇನ್ನೊಂದು ಗನ್ನಿನ ಕಥೆ ಶುರುವಾಗುವುದು ಕಾಡಿನಲ್ಲಲ್ಲ. 1980ರ ದಶಕದ ಮೊದಲಲ್ಲಿ ಜೆಫ್ ಕೂಪರ್ ಎಂಬ ಪಿಸ್ತೂಲು ಮೇಷ್ಟ್ರ ಸಲಹೆ ಪಡೆದು ಕ್ಯಾಲಿಫೋರ್ನಿಯಾದ ಸಣ್ಣ ಕಂಪನಿಯೊಂದು ಬ್ರೆನ್ ಟೆನ್ ಎಂಬ ಪಿಸ್ತೂಲು ಮಾಡಿತು. ಅದಕ್ಕೆಂದೇ ಸ್ವೀಡನ್ನಿನ ನೋರ್ಮಾ 1983ರಲ್ಲಿ 10 ಎಂಎಂ ಗುಂಡು ತಯಾರಿಸಿತು. ಗುಂಡೇನೋ ಚೆನ್ನಾಗಿತ್ತು. ಪಿಸ್ತೂಲಿಗೆ ಮಾತ್ರ ಮ್ಯಾಗಜೀನ್ ಸಿಗಲಿಲ್ಲ. ದುಡ್ಡು ಕೊಟ್ಟವರಿಗೆ ಗುಂಡು ತುಂಬುವ ಡಬ್ಬಿಯೇ ಇಲ್ಲದ ಪಿಸ್ತೂಲು ಕಳಿಸಿದರು. 1986ರಲ್ಲಿ ಕಂಪನಿ ಬಾಗಿಲು ಹಾಕಿತು.

ಅದೇ ವರ್ಷ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ದರೋಡೆಕೋರರಿಗೂ ಎಫ್‌ಬಿಐಗೂ ಗುಂಡಿನ ಕಾಳಗ ನಡೆಯಿತು. ಒಬ್ಬ ದರೋಡೆಕೋರನಿಗೆ ಶುರುವಿನಲ್ಲೇ 9 ಎಂಎಂ ಗುಂಡು ಬಿದ್ದಿತ್ತು. ಅದು ಹೃದಯದ ಹತ್ತಿರ ಹೋಗಿ ನಿಂತಿತು, ತಲುಪಲಿಲ್ಲ. ಅವನು ಹಾಗೇ ಹೊಡೆಯುತ್ತಾ ಹೋದ. ಇಬ್ಬರು ಏಜೆಂಟರು ಸತ್ತರು, ಐವರಿಗೆ ಗಾಯ. ಎಫ್‌ಬಿಐ ಇನ್ನೂ ಆಳಕ್ಕೆ ಹೋಗುವ ಗುಂಡು ಹುಡುಕಿ 10 ಎಂಎಂಗೆ ಬಂತು. ಆದರೆ ಅದರ ಒದೆತ ಬಹಳ ಏಜೆಂಟರಿಗೆ ಆಗಿಬರಲಿಲ್ಲ. ಮದ್ದು ಕಮ್ಮಿ ಮಾಡಿದರು. ಕಮ್ಮಿ ಮದ್ದಿಗೆ ಅಷ್ಟು ಉದ್ದದ ತೋಟಾ ಯಾಕೆ ಅಂತ ಅದನ್ನೂ ಮೋಟು ಮಾಡಿದರು. ಅದೇ 1990ರ .40. ಪೊಲೀಸರೆಲ್ಲ ಅದರ ಹಿಂದೆ ಹೋದರು. 10 ಎಂಎಂ ಅನಾಥವಾಯಿತು.

ಈ ಅನಾಥನನ್ನು ಕೈಹಿಡಿದವರಲ್ಲಿ ಒಬ್ಬರು ಗ್ರೀನ್‌ಲ್ಯಾಂಡಿನ ಈಶಾನ್ಯ ಮೂಲೆಯಲ್ಲಿದ್ದರು. ಡೆನ್ಮಾರ್ಕ್ ಸೇನೆಯ ಸಿರಿಯಸ್ ಗಸ್ತು ಪಡೆ ಅಲ್ಲಿ ಇಬ್ಬಿಬ್ಬರಾಗಿ, ನಾಯಿ ಎಳೆಯುವ ಬಂಡಿಯಲ್ಲಿ, ತಿಂಗಳುಗಟ್ಟಲೆ ತಿರುಗುತ್ತದೆ. ಹಿಮಕರಡಿ ಬಂದರೆ ಹೊಡೆಯಲು ರೈಫಲ್ ಇದೆ. ಆದರೆ ರೈಫಲ್ ಬಂಡಿಯಲ್ಲಿ ಕಟ್ಟಿರುತ್ತದೆ, ಮನುಷ್ಯ ಡೇರೆಯಲ್ಲಿ ಮಲಗಿರುತ್ತಾನೆ. ಅವರು ಮೈಮೇಲೆ ಇಟ್ಟುಕೊಳ್ಳಲು ಆರಿಸಿದ್ದು ಗ್ಲಾಕ್ ಕಂಪನಿಯ 10 ಎಂಎಂ ಪಿಸ್ತೂಲು, ಗ್ಲಾಕ್ 20. ಹದಿನೈದು ಗುಂಡು, ಪ್ಲಾಸ್ಟಿಕ್ ಚೌಕಟ್ಟು, ಖಾಲಿ ತೂಕ ಒಂದು ಕೆಜಿಗೂ ಕಮ್ಮಿ. ಅಮೆರಿಕದಲ್ಲಿ ಕರಡಿ ಪಿಸ್ತೂಲಿನ ಮಾತೆತ್ತಿದವರೆಲ್ಲ ಒಮ್ಮೆ ಈ ಡೇನರ ಹೆಸರು ಹೇಳದೆ ಬಿಡುವುದಿಲ್ಲ.

ಉಳಿದದ್ದು ಕಾನೂನು. 1980ರ ದಶಕದಿಂದ ರಾಷ್ಟ್ರೀಯ ಉದ್ಯಾನಗಳಲ್ಲಿ ಗನ್ ಒಯ್ಯಬೇಕಾದರೆ ಗುಂಡು ತೆಗೆದು, ಕಟ್ಟಿ, ಕೈಗೆ ಸಿಗದಂತೆ ಇಡಬೇಕಿತ್ತು. 2009ರಲ್ಲಿ ಕ್ರೆಡಿಟ್ ಕಾರ್ಡ್ ಕಂಪನಿಗಳ ಬಡ್ಡಿಗೆ ಲಗಾಮು ಹಾಕುವ ಮಸೂದೆಯೊಂದು ಸಂಸತ್ತಿಗೆ ಬಂತು. ಒಕ್ಲಹೋಮಾದ ಸೆನೆಟರ್ ಟಾಮ್ ಕೋಬರ್ನ್ ಅದಕ್ಕೆ ಒಂದು ತಿದ್ದುಪಡಿ ಅಂಟಿಸಿದರು: ಉದ್ಯಾನ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದ ಗನ್ ಕಾನೂನೇ ಅಲ್ಲೂ ನಡೆಯಲಿ. ಕ್ರೆಡಿಟ್ ಕಾರ್ಡಿಗೂ ಕರಡಿಗೂ ಏನು ಸಂಬಂಧ ಅಂತ ಕೇಳಬೇಡಿ. ಒಬಾಮಾ ಸಹಿ ಹಾಕಿದರು. 2010ರ ಫೆಬ್ರವರಿ 22ರಂದು ಅದು ಜಾರಿಗೆ ಬಂತು. ಡೆನಾಲಿಯ ಒಂಬತ್ತು ಗುಂಡು ಹಾರಿದ್ದು ಮೂರು ತಿಂಗಳ ಮೇಲೆ.

ಆಮೇಲೆ ಅಂಗಡಿ ಮುಂದೆ ನಿಂತವರ ಪ್ರಶ್ನೆಯೇ ಬದಲಾಯಿತು. ಗುಂಡು ಎಷ್ಟು ದಪ್ಪ ಅನ್ನುವುದು ಹೋಗಿ, ಎಷ್ಟು ಗುಂಡು, ಎಷ್ಟು ಬೇಗ, ಎಲ್ಲಿ ಕಟ್ಟಿಕೊಳ್ಳುವುದು ಅನ್ನುವುದು ಬಂತು. ಬೆನ್ನುಚೀಲದ ಪಟ್ಟಿ ಸೊಂಟವನ್ನು ಹಿಡಿದುಕೊಂಡಿರುತ್ತದೆ, ಮೀನು ಹಿಡಿಯುವವರಂತೂ ಎದೆಮಟ್ಟದ ರಬ್ಬರ್ ಉಡುಪಿನಲ್ಲಿ ನೀರಿನಲ್ಲಿ ನಿಂತಿರುತ್ತಾರೆ. ಹಾಗಾಗಿ ಪಿಸ್ತೂಲು ಎದೆಗೆ ಏರಿತು, ನಮ್ಮಲ್ಲಿ ಚಿಕ್ಕ ಮಗುವನ್ನು ಎದೆಗೆ ಕಟ್ಟಿಕೊಂಡ ಹಾಗೆ. ಗುಂಡಿನ ವಿಷಯದಲ್ಲೂ ಹಾಗೇ. ಪೊಲೀಸರ ಟೊಳ್ಳು ಮೂತಿಯ ಗುಂಡು ಮೈಯೊಳಗೆ ಹೂವಿನ ಹಾಗೆ ಅರಳಿ ನಿಲ್ಲುತ್ತದೆ. ಕರಡಿಯ ಕೊಬ್ಬು, ಭುಜದ ಮಾಂಸ ದಾಟಿ ಒಳಗೆ ಹೋಗಬೇಕಾದರೆ ಅರಳದ ಗಟ್ಟಿ ಸೀಸದ ಗುಂಡು ಬೇಕು. ಆದರೆ ಹಳೆಯ ಗ್ಲಾಕ್ ನಳಿಗೆಗಳಲ್ಲಿ ಬರೀ ಸೀಸ ಬಳಸಬೇಡಿ ಅಂತ ಕಂಪನಿಯೇ ಹೇಳುತ್ತದೆ. ಅದಕ್ಕೆ ಜನ ಬೇರೆ ನಳಿಗೆ ಕೊಂಡು ಹಾಕಿಸಿಕೊಳ್ಳುತ್ತಾರೆ. ಮಾಡಿದ್ದು ಒಂದಕ್ಕೆ, ಬಳಸುವುದು ಇನ್ನೊಂದಕ್ಕೆ ಅಂದರೆ ಇಂಥ ತೇಪೆ ತಪ್ಪಿದ್ದಲ್ಲ.

ರಿವಾಲ್ವರ್ ಪಕ್ಷದವರು ಸೋತು ಸುಮ್ನೆ ಕೂತಿಲ್ಲ. ಅವರ ಮಾತಿನಲ್ಲೂ ಹುರುಳಿದೆ. ಸೆಮಿ ಆಟೋಮ್ಯಾಟಿಕ್ ಪಿಸ್ತೂಲು ತನ್ನ ಒದೆತದಿಂದಲೇ ಮುಂದಿನ ಗುಂಡು ತುಂಬಿಕೊಳ್ಳುತ್ತದೆ. ಕೈ ಸಡಿಲವಾಗಿ ಹಿಡಿದರೆ ಆ ಕೆಲಸ ಅರ್ಧಕ್ಕೆ ನಿಲ್ಲಬಹುದು. ಕರಡಿ ಮೈಮೇಲೆ ಬಿದ್ದು ನಳಿಗೆಯ ತುದಿ ಅದರ ಪಕ್ಕೆಗೆ ಒತ್ತಿಕೊಂಡರೆ ಸ್ಲೈಡ್, ಅಂದರೆ ಪಿಸ್ತೂಲಿನ ಮೇಲೆ ಹಿಂದೆ-ಮುಂದೆ ಜಾರುವ ಭಾಗ, ಒಂದಿಷ್ಟು ಹಿಂದೆ ಸರಿಯುತ್ತದೆ, ಆಗ ಕುದುರೆ (ಟ್ರಿಗರ್) ಎಳೆದರೂ ಗುಂಡು ಹಾರುವುದಿಲ್ಲ. ರಿವಾಲ್ವರ್‌ಗೆ ಈ ತೊಂದರೆ ಇಲ್ಲ.

ಹೀಗೆ ಜಗಳ ನಡೆಯುತ್ತಿರುವಾಗಲೇ 2016ರಲ್ಲಿ ಅಲಾಸ್ಕಾದ ಒಬ್ಬ ಅನುಭವಿ ಗೈಡ್, ಮೀನು ಹಿಡಿಯಲು ಬಂದಿದ್ದ ಇಬ್ಬರನ್ನು ಕರೆದುಕೊಂಡು ಹೋಗುವಾಗ ನುಗ್ಗಿದ ಕಂದು ಕರಡಿಯನ್ನು ಬರೀ 9 ಎಂಎಂ ಪಿಸ್ತೂಲಿನಿಂದ ಹೊಡೆದು ಉರುಳಿಸಿದ. ಮಯಾಮಿಯಲ್ಲಿ ಬಯ್ಯಿಸಿಕೊಂಡ ಅದೇ ಅಳತೆ, ಗುಂಡು ಮಾತ್ರ ಗಟ್ಟಿ ಸೀಸದ್ದು. ಆದರೆ ಆತ ಜೀವಮಾನವೆಲ್ಲ ಕರಡಿಗಳ ನಡುವೆ ಕಳೆದವನು. ಅದನ್ನು ಮರೆತು 9 ಎಂಎಂ ಸಾಕು ಅನ್ನುವವರು ಬಹಳ.

ಅಂಕಿಅಂಶ ಏನು ಹೇಳುತ್ತದೆ? ಕರಡಿ ಸಂಶೋಧಕರಾದ ಟಾಮ್ ಸ್ಮಿತ್, ಸ್ಟೀಫನ್ ಹೆರೆರೋ ಮತ್ತು ಜೊತೆಗಾರರು ಅಲಾಸ್ಕಾದ 1883ರಿಂದ 2009ರವರೆಗಿನ 269 ಘಟನೆಗಳನ್ನು ಕೂಡಿಸಿ 2012ರಲ್ಲಿ ಪ್ರಕಟಿಸಿದರು. ಕೈಗನ್ನು ಶೇಕಡಾ 84ರಷ್ಟು ಸಲ ಕರಡಿಯನ್ನು ತಡೆದಿತ್ತು, ಉದ್ದ ಬಂದೂಕು ಶೇಕಡಾ 76ರಷ್ಟು ಸಲ. ಗನ್ ಪಕ್ಷದವರು ಈ ಸಾಲನ್ನಷ್ಟೇ ಓದುತ್ತಾರೆ. ಅದೇ ವರದಿಯಲ್ಲಿ ಇನ್ನೊಂದು ಮಾತಿದೆ: ಗನ್ ಬಳಸಿದವರಿಗೂ, ಇದ್ದೂ ಬಳಸದವರಿಗೂ ಆದ ಗಾಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದೇ ಸಂಶೋಧಕರ 2008ರ ಲೆಕ್ಕದಲ್ಲಿ ಕರಡಿ ಸ್ಪ್ರೇ, ಅಂದರೆ ಕರಡಿಯ ಮುಖಕ್ಕೆ ಹೊಡೆಯುವ ಖಾರದ ಸ್ಪ್ರೇ, ಶೇಕಡಾ 90ಕ್ಕಿಂತ ಹೆಚ್ಚು ಸಲ ಕಂದು ಕರಡಿಗಳನ್ನು ತಡೆದಿತ್ತು. ಅದರಲ್ಲೂ ತಕರಾರು ಇದೆ. ಸ್ಪ್ರೇ ಹೊಡೆಸಿಕೊಂಡ ಬಹಳ ಕರಡಿಗಳು ನುಗ್ಗಿ ಬಂದವಲ್ಲ, ಕುತೂಹಲಕ್ಕೆ ಬಂದವು. ಎರಡು ಲೆಕ್ಕವನ್ನು ಪಕ್ಕಪಕ್ಕ ಇಟ್ಟು ಯಾವುದು ಗೆದ್ದಿತು ಅನ್ನುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ.

ನನ್ನ ಮನಸ್ಸಿನಲ್ಲಿ ಕೂತಿರುವುದು 2018ರ ಸೆಪ್ಟೆಂಬರ್‌ನಲ್ಲಿ ವ್ಯೋಮಿಂಗ್‌ನಲ್ಲಿ ನಡೆದದ್ದು. ಬೇಟೆ ಗೈಡ್ ಒಬ್ಬ ತನ್ನ ಗಿರಾಕಿಯ ಜೊತೆ, ಹಿಂದಿನ ದಿನ ಬಾಣ ಬಿದ್ದಿದ್ದ ಎಲ್ಕ್ ಜಿಂಕೆಯನ್ನು ಕೊಯ್ಯುತ್ತಿದ್ದ. ಪಿಸ್ತೂಲು ಸ್ವಲ್ಪ ದೂರದಲ್ಲಿ ಚೀಲಗಳ ಹತ್ತಿರ ಇತ್ತು. ಗ್ರಿಜ್ಲಿ ಬಂದು ಗೈಡ್ ಮೇಲೆ ಬಿತ್ತು. ಗಿರಾಕಿ ಓಡಿ ಹೋಗಿ ಪಿಸ್ತೂಲು ಎತ್ತಿದ. ಗ್ಲಾಕೇ. ಕುದುರೆ ಎಳೆದರೂ ಹಾರಲಿಲ್ಲ, ಚೇಂಬರಿನಲ್ಲಿ, ಅಂದರೆ ಹಾರಲು ಸಿದ್ಧವಾದ ಗುಂಡು ಕೂರುವ ಜಾಗದಲ್ಲಿ, ಗುಂಡಿರಲಿಲ್ಲ. ಸ್ಲೈಡ್ ಒಮ್ಮೆ ಹಿಂದಕ್ಕೆ ಎಳೆದು ಬಿಟ್ಟಿದ್ದರೆ ಸಾಕಿತ್ತು. ಆ ಗನ್ ಅವನದಲ್ಲ. ಅವನು ಅದನ್ನು ಗೈಡ್ ಕಡೆ ಎಸೆದ. ಅದು ತಲುಪಲಿಲ್ಲ. ಗೈಡ್ ಉಳಿಯಲಿಲ್ಲ. ಅಲ್ಲಿ 10 ಎಂಎಂ ಇದ್ದರೇನು, .44 ಇದ್ದರೇನು, ಅಲ್ವಾ?

ಅಮೆರಿಕದಲ್ಲಿರುವ ನಮ್ಮ ಕನ್ನಡದವರಲ್ಲಿ ಬಹಳ ಮಂದಿಗೆ ಈ ಆಯ್ಕೆಯೇ ಇಲ್ಲ. ಎಚ್-1ಬಿಯಂಥ ವೀಸಾದಲ್ಲಿರುವವರು ಸಾಮಾನ್ಯವಾಗಿ ಗನ್ ಇಟ್ಟುಕೊಳ್ಳುವಂತಿಲ್ಲ ಅನ್ನುತ್ತದೆ ಫೆಡರಲ್ ಕಾನೂನು. ಬೇಟೆ ಲೈಸೆನ್ಸ್ ಪಡೆದವರಿಗೆ ವಿನಾಯಿತಿ ಇದೆ, ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆ ಇಲ್ಲ. ಗಡಿ ದಾಟಿ ಕೆನಡಾದ ಬ್ಯಾನ್ಫ್‌ಗೆ ಹೋದರೆ ಯಾರಿಗೂ ಪಿಸ್ತೂಲಿನ ಮಾತೇ ಇಲ್ಲ.

ಉಳಿಯುವುದು ಸ್ಪ್ರೇ. 1980ರ ದಶಕದಲ್ಲಿ ಮೊಂಟಾನಾ ವಿಶ್ವವಿದ್ಯಾಲಯದ ಸುತ್ತ ಬೆಳೆದ ಉಪಾಯ ಅದು. ಒಳಗಿರುವುದು ಮೆಣಸಿನಕಾಯಿಯ ಖಾರದ ಸಾರ. ಒಗ್ಗರಣೆಗೆ ಒಣಮೆಣಸಿನಕಾಯಿ ಸೀದು ಹೋದಾಗ ಇಡೀ ಮನೆ ಕೆಮ್ಮುತ್ತದಲ್ಲ, ಅದೇ ಘಾಟು, ಡಬ್ಬಿಯಲ್ಲಿ ಒತ್ತಿಟ್ಟದ್ದು. ಏಳೆಂಟು ಮೀಟರ್ ದೂರದವರೆಗೆ ಕಿತ್ತಳೆ ಬಣ್ಣದ ಮೋಡದ ಹಾಗೆ ಹೋಗುತ್ತದೆ. ಗಾಳಿ ಎದುರಿದ್ದರೆ ನಿಮ್ಮ ಮುಖಕ್ಕೇ ಬರುತ್ತದೆ. ವಿಮಾನದಲ್ಲಿ ಅದನ್ನು ಕೈಚೀಲದಲ್ಲೂ ಒಯ್ಯುವಂತಿಲ್ಲ, ಲಗೇಜಿನಲ್ಲೂ ಹಾಕುವಂತಿಲ್ಲ. ಹಾಗಾಗಿ ನಲವತ್ತು-ಐವತ್ತು ಡಾಲರ್ ಕೊಟ್ಟು ಕೊಂಡ ಡಬ್ಬಿಯನ್ನು, ಊರಿಗೆ ಹೊರಟವರು ಹೋಟೆಲಿನ ಜಗಲಿಯಲ್ಲಿ ಆಗಷ್ಟೇ ಬಂದಿಳಿದವರ ಕೈಗೆ ಕೊಟ್ಟು ಹೋಗುತ್ತಾರೆ. ಕೊಡುವಾಗ ಡಬ್ಬಿಯ ಸೇಫ್ಟಿ ಕ್ಲಿಪ್ ಹೇಗೆ ತೆಗೆಯುವುದು ಅಂತ ಎರಡು ಸಲ ತೋರಿಸಿಯೇ ಕೊಡುತ್ತಾರೆ.