ಘಟ್ಟ ಇಳಿಯುವ ಹಕ್ಕಿ: ‘ಎತ್ತರದ ವಲಸೆ’ ಎಂದರೇನು?

ವಲಸೆ ಹಕ್ಕಿ ಅಂದ ಕೂಡಲೇ ನಮ್ಮಲ್ಲಿ ಹಲವರಿಗೆ ಗದಗ ಜಿಲ್ಲೆಯ ಮಾಗಡಿ ಕೆರೆ ನೆನಪಾಗುತ್ತದೆ. ಚಳಿಗಾಲ ಬಂತೆಂದರೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಅಲ್ಲಿಗೆ ಬಂದಿಳಿಯುತ್ತವೆ. ಆದರೆ ಅದೇ ಹಿಮಾಲಯದಲ್ಲಿ ಇನ್ನೊಂದು ಬಗೆಯ ವಲಸೆಯೂ ನಡೆಯುತ್ತದೆ. ಅಲ್ಲಿ ಹಕ್ಕಿ ದೂರದ ನಾಡಿಗೆ ಹೋಗುವುದಿಲ್ಲ. ಚಳಿಗೆ ಬೆಟ್ಟ ಇಳಿಯುತ್ತದೆ, ಚಳಿ ಮುಗಿದ ಮೇಲೆ ಮತ್ತೆ ಹತ್ತುತ್ತದೆ. ಇದಕ್ಕೆ ಆಲ್ಟಿಟ್ಯೂಡಿನಲ್ ಮೈಗ್ರೇಶನ್ ಎನ್ನುತ್ತಾರೆ. ಕನ್ನಡದಲ್ಲಿ ‘ಎತ್ತರದ ವಲಸೆ’ ಎನ್ನಬಹುದು. ನನಗಂತೂ ‘ಘಟ್ಟ ಇಳಿಯುವ ವಲಸೆ’ ಅನ್ನೋದೇ ಇಷ್ಟ. ಘಟ್ಟದ ಮೇಲೆ, ಘಟ್ಟದ ಕೆಳಗೆ ಎಂದು ಊರು ಗುರುತಿಸುವ ನಮಗೆ ಆ ಮಾತು ಬೇಗ ಅರ್ಥವಾಗುತ್ತದೆ, ಅಲ್ವಾ?

ಇದಕ್ಕೆ ಒಳ್ಳೆಯ ಉದಾಹರಣೆ ಇಬಿಸ್‌ಬಿಲ್. ನೀರಿನಲ್ಲಿ ನಡೆದಾಡಿ ಮೇಯುವ ಹಕ್ಕಿ. ತನ್ನ ಕುಟುಂಬದಲ್ಲಿ ಇದೊಂದೇ ಪ್ರಭೇದ. ಉದ್ದ ಸುಮಾರು 40 ಸೆಂಟಿಮೀಟರ್. ಬೂದು ಮೈ, ಕಪ್ಪು ಮುಖ, ಎದೆಗೆ ಅಡ್ಡಲಾಗಿ ಒಂದು ಕಪ್ಪು ಪಟ್ಟಿ. ಕೊಕ್ಕು ಮಾತ್ರ ಕೆಂಪು, ನಮ್ಮ ಕೆಂಬರಲು (ಐಬಿಸ್) ಹಕ್ಕಿಯದರಂತೆ ಕೆಳಕ್ಕೆ ಬಾಗಿದ್ದು. ಇಷ್ಟೆಲ್ಲ ಬಣ್ಣವಿದ್ದರೂ ಹೊಳೆಯ ಉರುಟು ಕಲ್ಲುಗಳ ನಡುವೆ ಸುಮ್ನೆ ನಿಂತರೆ ಕಣ್ಣಿಗೇ ಬೀಳುವುದಿಲ್ಲ. ಮೇಯಲು ಶುರು ಮಾಡಿದಾಗಲೇ ಗೊತ್ತಾಗುವುದು. ಎದೆಮಟ್ಟದ ನೀರಿಗೂ ಇಳಿಯುತ್ತದೆ. ಬಾಗಿದ ಕೊಕ್ಕನ್ನು ಕಲ್ಲಿನ ಅಡಿಗೆ ತೂರಿಸಿ, ಅಲ್ಲಿ ಅಡಗಿದ ಹುಳುಗಳನ್ನು ಹೆಕ್ಕುತ್ತದೆ.

ಕೊಕ್ಕಿನ ಈ ಕೆಲಸದಲ್ಲೇ ವಲಸೆಯ ಕಾರಣವೂ ಇದೆ. ಬೇಸಿಗೆಯಲ್ಲಿ ಇದು ಮರಿ ಮಾಡುವುದು ಎತ್ತರದ ಕಣಿವೆಗಳಲ್ಲಿ. ಲಡಾಖಿನ ಶೇ ಹತ್ತಿರ ಸಿಂಧೂ ನದಿಯ ದಂಡೆ ಅಂಥದೊಂದು ಜಾಗ. ಅಲ್ಲಿ ಚಳಿ ಬಲಿತರೆ ಅಂಚಿನ ನೀರು ಹೆಪ್ಪುಗಟ್ಟುತ್ತದೆ. ಕಲ್ಲುಗಳು ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡರೆ ಕೊಕ್ಕು ತೂರಿಸುವುದೆಲ್ಲಿ? ಆಗ ಕೆಳಗಿನ ಕಣಿವೆಗೆ ಇಳಿಯಲೇಬೇಕು. ಸಾವಿರ ಮೀಟರ್ ಇಳಿದರೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಬೆಚ್ಚಗಾಗುತ್ತದೆ. ಬಯಲಲ್ಲಿ ಅಷ್ಟು ವ್ಯತ್ಯಾಸ ಸಿಗಬೇಕಾದರೆ ನೂರಾರು ಕಿಲೋಮೀಟರ್ ಹಾರಬೇಕು. ನೀರು ಹೆಪ್ಪುಗಟ್ಟದೆ ಹರಿಯುತ್ತಿದ್ದರೆ ಕೆಲವು ಹಕ್ಕಿಗಳು ಚಳಿಯಲ್ಲೂ ಮೇಲೆಯೇ ಉಳಿದುಬಿಡುತ್ತವೆ. ಅಂದರೆ ಇದು ಕ್ಯಾಲೆಂಡರ್ ನೋಡಿ ಹೊರಡುವ ವಲಸೆಯಲ್ಲ.

ಕೆಳಗೆ ಬಂದರೂ ಅದು ಹುಡುಕುವುದು ಮೇಲಿದ್ದಂಥ ಹೊಳೆಯನ್ನೇ: ಅಗಲ ಪಾತ್ರ, ಉರುಟು ಕಲ್ಲು, ಆಳವಿಲ್ಲದ ನೀರು. ಉತ್ತರಾಖಂಡದ ರಾಮನಗರದ ಬಳಿ, ಬರೀ 350 ಮೀಟರ್ ಆಸುಪಾಸಿನ ಎತ್ತರದಲ್ಲಿ, ಕೋಸಿ ನದಿಯ ಕಲ್ಲುಗಳ ಮೇಲೆ ಚಳಿಗಾಲದಲ್ಲಿ ಇದು ಕಾಣಸಿಗುತ್ತದೆ. ಅಸ್ಸಾಮಿನ ನಾಮೇರಿ ಕಾಡಿನ ಜಿಯಾ ಭೊರೊಲಿ ನದಿಯಲ್ಲೂ ಅಷ್ಟೇ.

ಆದ್ದರಿಂದಲೇ ನನಗೆ ಬೆಟ್ಟದ ಬುಡದ ಹೊಳೆಗಳದ್ದೇ ಜಾಸ್ತಿ ಚಿಂತೆ. ಮನೆ, ರಸ್ತೆ ಕಟ್ಟಲು ಮರಳು, ಕಲ್ಲು ತೆಗೆಯುವುದು ಇಂಥ ಪಾತ್ರಗಳಿಂದಲೇ. ಮೇಲಿನ ಕಣಿವೆ ಎಷ್ಟೇ ಚೆನ್ನಾಗಿರಲಿ, ಕೆಳಗೆ ಕಲ್ಲೇ ಇಲ್ಲದಿದ್ದರೆ ಹಕ್ಕಿ ಚಳಿಗಾಲ ಕಳೆಯುವುದಾದರೂ ಎಲ್ಲಿ?

ಹಿಮಾಲಯದಲ್ಲಿ ನೀರು, ಜೌಗಿನಲ್ಲಿ ನಡೆದಾಡಿ ಮೇಯುವ ಹಕ್ಕಿಗಳೆಲ್ಲ ಹೀಗೆಯೇ ಅಂತ ತಿಳಿಯಬೇಡಿ. ವುಡ್ ಸ್ನೈಪ್ ಎಂಬ ಹಕ್ಕಿ ಕೂಡ ಅಲ್ಲೇ ಎತ್ತರದಲ್ಲಿ ಮರಿ ಮಾಡುತ್ತದೆ. ಚಳಿಗೆ ಅವುಗಳಲ್ಲಿ ಕೆಲವು ತಪ್ಪಲಿಗೆ ಇಳಿದರೆ, ಇನ್ನು ಕೆಲವು ನೀಲಗಿರಿಯಂಥ ದಕ್ಷಿಣದ ಬೆಟ್ಟಗಳವರೆಗೂ ಬರುತ್ತವೆ.

ಇಬಿಸ್‌ಬಿಲ್ ಚಳಿ ಮುಗಿದಂತೆ ಮತ್ತೆ ಮೇಲಕ್ಕೆ ಹೋಗುತ್ತದೆ. ಹೊಳೆದಂಡೆಯ ಕಲ್ಲುಗಳ ನಡುವೆ ಸಣ್ಣ ಗುಳಿ ಮಾಡಿ, ಕೆಲವೊಮ್ಮೆ ಅದಕ್ಕೂ ಪುಟ್ಟ ಕಲ್ಲುಗಳನ್ನೇ ಹಾಸಿ, ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ.