ಗಡಿ ಜಗಳ ಮುಗಿಯುವ ತನಕ ಕಡಲನ್ನು ಕಾಯುವವರು ಯಾರು?

ರೇಡಾರ್ ಎಷ್ಟೇ ಚೆನ್ನಾಗಿರಲಿ, ಭೂಮಿಯ ಬಾಗನ್ನು ದಾಟಿ ನೋಡಲು ಅದಕ್ಕೆ ಆಗುವುದಿಲ್ಲ. ಹಡಗಿನ ಮೇಲೆ 30 ಮೀಟರ್ ಎತ್ತರದಲ್ಲಿ ಇಟ್ಟರೂ, ನೀರಿನ ಮಟ್ಟದಲ್ಲಿರುವ ವಸ್ತು ಸುಮಾರು 22 ಕಿಲೋಮೀಟರ್ ಆಚೆ ಹೋದರೆ ಮರೆಯಾಗುತ್ತದೆ. ಸಣ್ಣ ಮರದ ದೋಣಿಯಾದರೆ ಅದಕ್ಕೂ ಮೊದಲೇ ಕಾಣೆ. ಮರ ರೇಡಾರ್ ತರಂಗವನ್ನು ಕಬ್ಬಿಣದಷ್ಟು ವಾಪಸ್ ಕಳಿಸುವುದಿಲ್ಲ, ಸಮುದ್ರದ ಅಲೆಗಳ ಗದ್ದಲದಲ್ಲಿ ಅದರ ಗುರುತು ಕಲಸಿಹೋಗುತ್ತದೆ. ಕಡಲ್ಗಳ್ಳರು ಹೆಚ್ಚಾಗಿ ಬರುವುದು ಇಂಥ ದೋಣಿಗಳಲ್ಲೇ.

ಇನ್ನು ಕಾನೂನು ನೋಡಿ. 1982ರ ಸಮುದ್ರ ಕಾನೂನು ಒಪ್ಪಂದದ ಪ್ರಕಾರ, ನೀವು ಅಟ್ಟಿಸಿಕೊಂಡು ಹೋಗುತ್ತಿರುವ ದೋಣಿ ಇನ್ನೊಂದು ದೇಶದ ನೀರಿಗೆ ನುಗ್ಗಿದರೆ ಅಲ್ಲಿಗೆ ಬೆನ್ನಟ್ಟುವ ಹಕ್ಕು ಮುಗಿಯಿತು. ಮಲೇಷ್ಯಾಕ್ಕೂ ಇಂಡೋನೇಷ್ಯಾದ ಸುಮಾತ್ರಾಕ್ಕೂ ನಡುವಿನ ಮಲಕ್ಕಾ ಜಲಸಂಧಿ ಸಿಂಗಾಪುರದ ಹತ್ತಿರ ಮೂರು ಕಿಲೋಮೀಟರ್‌ಗೂ ಕಡಿಮೆ ಅಗಲಕ್ಕೆ ಕಿರಿದಾಗುತ್ತದೆ. ಇಂಥ ಜಾಗದಲ್ಲಿ ಗಡಿ ದಾಟಲು ಕಳ್ಳರಿಗೆ ಎಷ್ಟು ಹೊತ್ತು ಬೇಕು, ಹೇಳಿ?

ಅದಕ್ಕೇ 2004ರಲ್ಲಿ ಇಂಡೋನೇಷ್ಯಾ, ಮಲೇಷ್ಯಾ, ಸಿಂಗಾಪುರ ಹೊಂದಿಕೊಂಡು ಗಸ್ತು ಶುರುಮಾಡಿದವು. ಒಂದು ದೇಶದ ಹಡಗು ಇನ್ನೊಂದರ ನೀರಿಗೆ ಹೋಗುವುದಿಲ್ಲ, ಗೆರೆಯ ತನಕ ಬಂದು ಸುದ್ದಿಯನ್ನು ಆಚೆಯವರಿಗೆ ಒಪ್ಪಿಸುತ್ತದೆ. ಮರುವರ್ಷ ಲಂಡನ್ನಿನ ವಿಮಾ ಸಮಿತಿ ಈ ಜಲಸಂಧಿಯನ್ನು ಯುದ್ಧದ ಅಪಾಯವಿರುವ ಜಾಗಗಳ ಪಟ್ಟಿಗೆ ಸೇರಿಸಿತು. ವಿಮೆ ದುಬಾರಿಯಾಗುವ ಭಯ ಎಲ್ಲರಿಗೂ ತಟ್ಟಿತು. ಅದೇ 2005ರ ಸೆಪ್ಟೆಂಬರ್‌ನಲ್ಲಿ 'ಐಸ್ ಇನ್ ದ ಸ್ಕೈ', ಅಂದರೆ 'ಆಕಾಶದಲ್ಲಿ ಕಣ್ಣುಗಳು' ಎಂಬ ವಿಮಾನ ಗಸ್ತು ಬಂತು. ವಿಮಾನ ಒಂದು ದೇಶದ್ದು, ಒಳಗೆ ಕೂತ ಅಧಿಕಾರಿಗಳು ಬೇರೆ ಬೇರೆ ದೇಶದವರು, ಅದು ನೆರೆಯವರ ನೀರಿನ ಮೇಲೂ ತೀರದಿಂದ ಮೂರು ನಾಟಿಕಲ್ ಮೈಲಿ ದೂರದ ತನಕ ಹಾರಬಹುದು. ನನಗೆ ಇದು ತುಂಬಾ ಜಾಣತನದ ಏರ್ಪಾಡು ಅನ್ನಿಸುತ್ತದೆ, ಏಕೆಂದರೆ ಹಡಗಿಗೆ ಸಿಗದ ಅನುಮತಿಯನ್ನು ಅವರು ಕಣ್ಣಿಗೆ ಕೊಟ್ಟರು. 2006ರ ಆಗಸ್ಟ್‌ನಲ್ಲಿ ಮಲಕ್ಕಾ ಆ ಪಟ್ಟಿಯಿಂದ ಹೊರಬಂತು. ಪೂರ್ತಿ ಶ್ರೇಯ ಗಸ್ತಿಗೇ ಸಲ್ಲಬೇಕಿಲ್ಲ, 2005ರಲ್ಲಿ ಸುಮಾತ್ರಾದ ಆಚೇ ಪ್ರಾಂತ್ಯದ ಬಂಡುಕೋರರ ಜೊತೆ ಇಂಡೋನೇಷ್ಯಾ ಶಾಂತಿ ಒಪ್ಪಂದ ಮಾಡಿಕೊಂಡಿದ್ದೂ ನೆರವಾಯಿತು.

ಈಗ ಕಣ್ಣುಗಳು ಇನ್ನೂ ಮೇಲಕ್ಕೆ ಹೋಗಿವೆ. ಅಂತಾರಾಷ್ಟ್ರೀಯ ಯಾನ ಮಾಡುವ, 300 ಟನ್ ಮೀರಿದ ಹಡಗುಗಳಲ್ಲಿ ಎಐಎಸ್ ಎಂಬ ಉಪಕರಣ ಇರಲೇಬೇಕು. ಹಡಗು ಓಡುತ್ತಿದ್ದಾಗ ಅದು ಕೆಲವೇ ಸೆಕೆಂಡಿಗೊಮ್ಮೆ ತಾನು ಯಾರು, ಎಲ್ಲಿದ್ದೇನೆ, ಯಾವ ಕಡೆ ಎಷ್ಟು ವೇಗದಲ್ಲಿ ಹೋಗುತ್ತಿದ್ದೇನೆ ಎಂದು ರೇಡಿಯೋದಲ್ಲಿ ಸಾರುತ್ತದೆ. ಕಳ್ಳ ಕೆಲಸಕ್ಕೆ ಇಳಿದವರು ಮೊದಲು ಮಾಡುವುದೇ ಅದನ್ನು ಆಫ್ ಮಾಡುವುದು. ಕೆಲವರು ಸುಳ್ಳು ಜಾಗವನ್ನೇ ಸಾರುತ್ತಾರೆ. ಅವರನ್ನು ಹಿಡಿಯಲು ಉಪಗ್ರಹದ ರೇಡಾರ್ ಬೇಕು. ಅದು ತಾನೇ ಮೈಕ್ರೋವೇವ್ ಕಳಿಸಿ ಪ್ರತಿಫಲನ ಹಿಡಿಯುತ್ತದೆ, ರಾತ್ರಿಯಾಗಲಿ ಮೋಡವಾಗಲಿ ಅಡ್ಡಿಯಿಲ್ಲ. ನೀರು ಕಪ್ಪಾಗಿ ಕಾಣುತ್ತದೆ, ಕಬ್ಬಿಣದ ಹಡಗು ಬಿಳಿ ಚುಕ್ಕಿಯಾಗಿ ಹೊಳೆಯುತ್ತದೆ. ಆ ಚುಕ್ಕಿಗಳನ್ನು ಎಐಎಸ್ ಪಟ್ಟಿಯ ಜೊತೆ ಇಟ್ಟು ನೋಡಿದರೆ, ಹೆಸರಿಲ್ಲದ ಚುಕ್ಕಿ ಯಾವುದೆಂದು ಗೊತ್ತಾಗುತ್ತದೆ. ಸ್ಕ್ವಿಡ್ ಹಿಡಿಯುವ ದೋಣಿಗಳ ದೀಪಗಳಂತೂ ಬಾಹ್ಯಾಕಾಶದಿಂದಲೇ ಕಾಣುತ್ತವೆ! ಸಿಂಗಾಪುರದಲ್ಲಿ 2009ರಿಂದ ನಡೆಯುತ್ತಿರುವ ಮಾಹಿತಿ ಕೇಂದ್ರದಲ್ಲಿ ಹಲವು ದೇಶಗಳ ಅಧಿಕಾರಿಗಳು ಒಂದೇ ಕಡೆ ಕೂತು ಇಂಥ ಮಾಹಿತಿ ಹಂಚಿಕೊಳ್ಳುತ್ತಾರೆ. ಭಾರತವೂ 2018ರಲ್ಲಿ ಗುರುಗ್ರಾಮದಲ್ಲಿ ಇಂಥದ್ದೊಂದನ್ನು ತೆರೆದಿದೆ.

ಜಗಳ ಇರುವಲ್ಲಿ ಇದೆಲ್ಲ ನಡೆಯುತ್ತದಾ? ಸುಲು ಸಮುದ್ರ ನೋಡಿ. ಅದರ ಅಂಚಿನಲ್ಲಿ, ಬೋರ್ನಿಯೋ ದ್ವೀಪದಲ್ಲಿರುವ ಸಬಾ ತನ್ನದೆಂಬ ವಾದವನ್ನು ಫಿಲಿಪ್ಪೀನ್ಸ್ ಇವತ್ತಿಗೂ ಬಿಟ್ಟಿಲ್ಲ, ಅದು ಇರುವುದು ಮಲೇಷ್ಯಾದ ಕೈಯಲ್ಲಿ. ಅಲ್ಲಿ 2016ರಲ್ಲಿ ದಕ್ಷಿಣ ಫಿಲಿಪ್ಪೀನ್ಸ್‌ನ ಉಗ್ರರ ಗುಂಪು ಅಬು ಸಯ್ಯಾಫ್‌ನವರು ಟಗ್ ದೋಣಿಗಳ ನಾವಿಕರನ್ನು ಅಪಹರಿಸತೊಡಗಿದಾಗ, ಈ ಎರಡು ದೇಶಗಳು ಇಂಡೋನೇಷ್ಯಾವನ್ನೂ ಸೇರಿಸಿಕೊಂಡು 2017ರಲ್ಲಿ ಮೂರು ದೇಶಗಳ ಗಸ್ತು ಆರಂಭಿಸಿದವು. ಸಬಾ ಯಾರದು ಎಂಬ ಪ್ರಶ್ನೆಯನ್ನು ಯಾರೂ ಬಗೆಹರಿಸಲಿಲ್ಲ. ಅದನ್ನು ಪಕ್ಕಕ್ಕಿಟ್ಟು ನಾವಿಕರ ಜೀವ ಮೊದಲು ಎಂದರು, ಅಷ್ಟೇ.

ದಕ್ಷಿಣ ಚೀನಾ ಸಮುದ್ರದಲ್ಲಿ ಮಾತ್ರ ಕಥೆ ಬೇರೆ. ಅಲ್ಲಿ ಅಪಾಯ ಕಳ್ಳರಿಗಿಂತ ಜಾಸ್ತಿ ದೇಶಗಳ ಹಡಗುಗಳಿಂದಲೇ ಬರುತ್ತದೆ. ನಕ್ಷೆಯಲ್ಲಿ ಒಂಬತ್ತು ಗೆರೆ ಎಳೆದು ಈ ಸಮುದ್ರದ ಬಹುಪಾಲಿನ ಮೇಲೆ ಚೀನಾ ಸಾಧಿಸುವ ಹಕ್ಕಿಗೆ ಕಾನೂನಿನ ಬಲವಿಲ್ಲ ಎಂದು 2016ರ ಜುಲೈ 12ರಂದು ಅಂತಾರಾಷ್ಟ್ರೀಯ ನ್ಯಾಯಮಂಡಳಿ ಹೇಳಿತು, ಚೀನಾ ಒಪ್ಪಲಿಲ್ಲ. ಅಲ್ಲಿ ಯಾರು ಎಲ್ಲಿದ್ದಾರೆಂದು ಎಲ್ಲರಿಗೂ ಕಾಣುತ್ತದೆ, ಆದರೂ ಹಡಗುಗಳು ಡಿಕ್ಕಿಯಾಗುತ್ತವೆ, ಜಲಫಿರಂಗಿ ಹಾರುತ್ತದೆ. ಎದುರಾದಾಗ ಹೇಗೆ ಮಾತನಾಡಬೇಕು, ಏನು ಮಾಡಬಾರದು ಎಂದು 2014ರಲ್ಲಿ ಚೀನಾದ ಚಿಂಗ್‌ಡಾವ್ ನಗರದಲ್ಲಿ 'ಕ್ಯೂಸ್' ಎಂಬ ನಿಯಮಾವಳಿಯನ್ನು ಚೀನಾ ಸೇರಿ ಹಲವು ದೇಶಗಳು ಒಪ್ಪಿಕೊಂಡಿವೆ. ಆದರೆ ಅದು ಬರೆದದ್ದು ನೌಕಾಪಡೆಗಳಿಗೆ. ಈಗ ಮೈಗೆ ಮೈ ತಾಗಿಸಿಕೊಂಡು ಕಾದಾಡುತ್ತಿರುವುದು ಹೆಚ್ಚಾಗಿ ಕೋಸ್ಟ್ ಗಾರ್ಡ್‌ನ ಬಿಳಿ ಹಡಗುಗಳು, ಜೊತೆಗೆ ಮೀನುಗಾರಿಕೆಯ ಹೆಸರಲ್ಲಿ ಬರುವ ದೋಣಿಗಳು. ಅವುಗಳನ್ನೂ ಈ ನಿಯಮದೊಳಗೆ ತರುವ ಕೆಲಸ ಗಡಿ ತೀರ್ಮಾನಕ್ಕೆ ಕಾಯಬೇಕಿಲ್ಲ, ಸುಲುವಿನಲ್ಲಿ ಕಾಯಲಿಲ್ಲ ಅಲ್ವಾ?